ಚಳಿಯ ಮೇಲೆ ಹೊರಿಸಿದ್ದು

"ಚಳಿಗೆ ಎಂಜಿನ್ ಆಯಿಲ್ ಗಟ್ಟಿಯಾಗುತ್ತೆ. ಬ್ಯಾಟರಿ ಶಕ್ತಿ ಅರ್ಧಕ್ಕರ್ಧ ಇಳಿದುಹೋಗುತ್ತೆ. ಡೀಸೆಲ್ ಬೇಗ ಹೊತ್ತಿಕೊಳ್ಳಲ್ಲ. ಇದು ಪ್ರಕೃತಿ ನಿಯಮ ಕಣಯ್ಯಾ, ಯಾರ ತಪ್ಪೂ ಅಲ್ಲ," ಎನ್ನುತ್ತ ಸೂಪರಿಂಟೆಂಡೆಂಟರು ಆಂಬುಲೆನ್ಸ್ ತಡವಾದುದರ ವರದಿಯನ್ನು ಮೇಜಿನ ಮೇಲೆ ಸರಿಸಿದರು. "ಸೀನಿಯರ್ ಡ್ರೈವರ್ ಅಂತ ಕೆಳಗೆ ಒಂದು ಸೈನ್ ಹಾಕು."

ಡ್ರೈವರನಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿರುವವನಿಗೆ, ಸ್ವಂತ ಕಾರಿನ ಬಾನೆಟ್ ಎತ್ತುವುದಕ್ಕೂ ಆಳು ಕರೆಯುವವರು ಎಂಜಿನ್ ಪಾಠ ಹೇಳುತ್ತಿದ್ದರು. ಪಾಠದಲ್ಲಿ ತಪ್ಪೇನೂ ಇರಲಿಲ್ಲ, ಅದೇ ಇನ್ನಷ್ಟು ಸಿಟ್ಟು ಬರಿಸಿತು. ಚಳಿ ಏನು ಈ ವರ್ಷ ಹೊಸದಾಗಿ ಬಂದದ್ದೇ? ಬರುತ್ತದೆಂದು ಗೊತ್ತಿದ್ದೇ ಡೀಸೆಲ್ ಎಂಜಿನ್ನಿಗೆ ಹೀಟರ್ ಪ್ಲಗ್ ಎಂಬ ಬೆರಳುದ್ದದ ಸಾಮಾನು ಇಟ್ಟಿರುತ್ತಾರೆ. ಕೀಲಿ ತಿರುಗಿಸಿದೊಡನೆ ಅದು ಕೆಂಪಗೆ ಕಾದು ಒಳಗಿನ ಗಾಳಿಯನ್ನು ಬಿಸಿ ಮಾಡಬೇಕು. ಈ ಗಾಡಿಯ ನಾಲ್ಕು ಪ್ಲಗ್‌ಗಳಲ್ಲಿ ಮೂರು ಸತ್ತು ಮೂರು ಚಳಿಗಾಲ ಕಳೆದಿದ್ದವು.

ಹತ್ತು ದಿನದ ಹಿಂದೆ, ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಅವನು ರಜೆ ಹಾಕಿದ್ದ. ಅವತ್ತೇ ಬೆಳಗ್ಗೆ ಆರಕ್ಕೆ, ಆಸ್ಪತ್ರೆಯಲ್ಲಿ ಅಡುಗೆ ಮಾಡುವ, ಎಲ್ಲರೂ ಅಕ್ಕ ಎಂದೇ ಕರೆಯುವವಳ ಗಂಡನಿಗೆ ಮನೆಯಲ್ಲಿ ಎದೆನೋವು ಬಂತು. ಅವಳಾಗಲೇ ಕೆಲಸಕ್ಕೆ ಬಂದಾಗಿತ್ತು. ಪಕ್ಕದ ಮನೆಯವರು ಆಸ್ಪತ್ರೆಗೆ ಫೋನ್ ಮಾಡಿ, ಆಂಬುಲೆನ್ಸ್ ಈಗ ಬಂತು, ಈಗ ಬಂತು ಎಂದು ರೋಗಿಯನ್ನು ಬಾಗಿಲಲ್ಲೇ ಕೂರಿಸಿಕೊಂಡು ಕಾದರು. ಇಲ್ಲಿ ಹೊಸ ಡ್ರೈವರ್ ಸೆಲ್ಫ್ ಹೊಡೆದ, ಹೊಡೆದ, ಬ್ಯಾಟರಿ ಕೂತುಹೋಗುವ ತನಕ ಹೊಡೆದ. ಹತ್ತು ಜನ ತಳ್ಳಿ ಗಾಡಿ ಗೇಟು ದಾಟುವಾಗ ನಲವತ್ತು ನಿಮಿಷವಾಗಿತ್ತು. ಅಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು.

"ಪ್ಲಗ್ ಹೋಗಿದೆ ಅಂತ ಮೂರು ಸಲ ಬರ್ದು ಕೊಟ್ಟಿದ್ದೀನಿ ಸಾರ್. ಇವರನ್ನೇ ಕೇಳಿ," ಎಂದ ಡ್ರೈವರ್.

ಪಕ್ಕದ ಕುರ್ಚಿಯಲ್ಲಿದ್ದ ಸ್ಟೋರ್‌ಕೀಪರ್ ಗಾಬರಿಯಾಗಲಿಲ್ಲ. ಕಂಕುಳಿನಿಂದ ಗಾಡಿಯ ಲಾಗ್‌ಬುಕ್ ತೆಗೆದು ಮೇಜಿನ ಮೇಲೆ ಬಿಡಿಸಿದ. "ಕೊಟ್ಟಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಇದೂ ನಿನ್ನ ಕೈಬರಹವೇ ಅಲ್ವಾ?"

ಪ್ರತಿ ಬೆಳಗಿನ ಸಾಲಿನಲ್ಲೂ ಒಂದೇ ಮಾತು: ಗಾಡಿ ಸುಸ್ಥಿತಿ. ಪುಟ ತಿರುಗಿಸಿದಷ್ಟೂ ಸುಸ್ಥಿತಿ.

"ದಿನಾ ಸರಿಯಾಗಿರೋ ಗಾಡಿಗೆ ಹೊಸ ಪ್ಲಗ್ ಯಾಕಪ್ಪಾ ತರಿಸ್ಲಿ?" ಎಂದ ಸ್ಟೋರ್‌ಕೀಪರ್. " ಸೈನ್ ಹಾಕಲ್ಲಾಂದ್ರೆ ಬಿಡು. ಎಲ್ಲಾ ನಿನ್ನ ತಲೆಗೇ ಬರುತ್ತೆ. ಕೆಲಸಾನೂ ಹೋಗುತ್ತೆ."

ಗಾಡಿ ದಿನಾ ಸ್ಟಾರ್ಟ್ ಆಗುತ್ತಿದ್ದುದು ನಿಜ. ಸಂಜೆ ಬಾನೆಟ್ಟಿಗೆ ಹಳೇ ಕಂಬಳಿ ಹೊದಿಸಿ ಹೋಗುವುದು, ಬೆಳಗ್ಗೆ ಐದಕ್ಕೇ ಬಂದು ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಮೇಲೆ ಬಿಸಿನೀರು ಸುರಿಯುವುದು, ಇದೆಲ್ಲ ಡ್ರೈವರನೊಬ್ಬನದೇ ವಿದ್ಯೆ. ಯಾರಿಗೂ ಬಗ್ಗದ ಗಾಡಿ ತನ್ನ ಮಾತು ಮಾತ್ರ ಕೇಳುತ್ತದೆಂಬ ಜಂಬ ಬೇರೆ. ಆ ಜಂಬದಲ್ಲಿ ರಜೆ ಹಾಕುವಾಗ ಹೊಸ ಡ್ರೈವರಿಗೆ ಕೀಲಿ ಕೊಟ್ಟನೇ ಹೊರತು ವಿದ್ಯೆ ಕೊಡಲಿಲ್ಲ. ಎದುರಿನ ಇಬ್ಬರ ಮೇಲೂ ಬಂದಿದ್ದ ಸಿಟ್ಟು ಈಗ ತಿರುಗಿ ಅವನನ್ನೇ ಸುಡತೊಡಗಿತು. ಕಾಗದ ಮುಟ್ಟದೆ ಎದ್ದು ಹೊರಗೆ ಬಂದ.

ಅಡುಗೆಮನೆಯಲ್ಲಿ ಅಕ್ಕ ಹಿಟ್ಟು ನಾದುತ್ತಿದ್ದಳು. ಕೆಲಸಕ್ಕೆ ಮರಳಿ ಎರಡು ದಿನವಾಗಿತ್ತು.

"ಗಾಡಿಗೆ ಚಳಿ ಹಿಡಿದಿತ್ತಂತೆ," ಎಂದಳು, ತಲೆಯೆತ್ತದೆ. "ಎಲ್ರೂ ಹಾಗೇ ಅಂದ್ರು. ಚಳೀನ ಯಾರಿಗಾದ್ರೂ ಬೈಯೋಕಾಗುತ್ತೇನೋ?"

"ಸುಳ್ಳು ಅಕ್ಕಾ," ಎಂದ. ಪ್ಲಗ್, ಅರ್ಜಿ, ಲಾಗ್‌ಬುಕ್, ಬಿಸಿನೀರು, ಒಂದನ್ನೂ ಬಿಡದೆ ಹೇಳಿದ.

ಅವಳ ಕೈ ನಿಂತಿತು. "ದಿನಾ ನನ್ನ ಹತ್ರ ಇಸ್ಕೊಂಡು ಹೋಗ್ತಿದ್ದ ನೀರು ಅದಕ್ಕಾ? ಮುಖ ತೊಳೆಯೋಕೆ ಅಂದ್ಕೊಂಡಿದ್ದೆ."

"ಅದಕ್ಕೇ ಅಕ್ಕಾ."

"ಅವತ್ತು ನಾನು ಗಾಡಿ ಪಕ್ಕದಲ್ಲೇ ನಿಂತಿದ್ನಲ್ಲೋ!" ಹಿಟ್ಟನ್ನು ಎತ್ತಿ ಪಾತ್ರೆಗೆ ಅಪ್ಪಳಿಸಿದಳು. "ಒಲೆ ಮೇಲೆ ಎರಡು ಹಂಡೆ ನೀರು ಕುದೀತಿತ್ತು. ಐವತ್ತು ಹೆಜ್ಜೆ. ಒಂದು ಮಾತು, ಒಂದೇ ಒಂದು ಮಾತು ಯಾರಿಗಾದ್ರೂ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ, ಪಾಪಿ!"

ಅವನು ಬೈಸಿಕೊಂಡು ನಿಂತ.

"ನಡಿ," ಎಂದಳು. "ಇಲ್ಲಿ ಹೇಳಿದ್ದನ್ನೆಲ್ಲ ಅಲ್ಲಿ ಹೇಳು. ನಿಂದೂ ಹೇಳು, ಅವರದೂ ಹೇಳು. ನಾನು ನಿಂತು ಕೇಳ್ತೀನಿ."

"ಕೆಲಸ ಹೋಗುತ್ತೆ ಅಕ್ಕಾ."

"ಹೋಗ್ಲಿ."

ಕೈ ತೊಳೆಯುವಷ್ಟೂ ತಡೆಯದೆ ಅವಳು ಕಾರಿಡಾರಿನಲ್ಲಿ ಮುಂದೆ ನಡೆದಳು, ಅವನು ಹಿಂದೆ. ಸೂಪರಿಂಟೆಂಡೆಂಟರ ಕೋಣೆಗೆ ಹದಿನೈದು ವರ್ಷದಲ್ಲಿ ಅವಳು ಒಮ್ಮೆಯೂ ಹೋದವಳಲ್ಲ. ಬಾಗಿಲು ತಟ್ಟಲಿಲ್ಲ, ತಳ್ಳಿದಳು. ಅವರಿಬ್ಬರೂ ಒಳಗೆ ಹೋದ ಮೇಲೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅದರ ಗಾಜಿನ ಮೇಲೆ ಹಿಟ್ಟಿನ ಐದು ಬೆರಳು ಬೆಳ್ಳಗೆ ಮೂಡಿದ್ದವು.