ಶಿವಮಲ್ಲಮ್ಮನ ಬೇದಿ ಉಪ್ಪು

ಶಿವಮಲ್ಲಮ್ಮ ತನ್ನ ಬಾವನ, ಅಂದರೆ ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡಿದ್ದು ಮದುವೆಯಾಗಿ ಇಪ್ಪತ್ತಾರು ವರ್ಷವಾದ ಮೇಲೆ. ಅದೂ ಟೊಮೇಟೊ ಗಿಡದ ದೆಸೆಯಿಂದ.

ಜೀರಹಳ್ಳಿಯಲ್ಲಿ ಅಣ್ಣ ಸಿದ್ದಮಲ್ಲಪ್ಪನ ಮನೆಗೂ ತಮ್ಮ ಬಸವಣ್ಣನ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲೂ ಒಂದೇ, ಸಾಲಾಗಿ ಹೂತ ಕಲ್ಲುಗಳೇ ಗಡಿ. ಬಸವಣ್ಣನ ಹೆಂಡತಿ ಶಿವಮಲ್ಲಮ್ಮ ತಮ್ಮ ಪಾಲಿನಲ್ಲಿ ಟೊಮೇಟೊ, ಮೆಣಸಿನ ಗಿಡ, ಎರಡು ಗುಲಾಬಿ ಬೆಳೆಸಿದ್ದಳು. ಹೊಲದಲ್ಲಿ ಏನು ಹಾಕಬೇಕು, ಯಾವಾಗ ಕೀಳಬೇಕು ಎಂಬುದೆಲ್ಲ ಗಂಡಸರ ಮಾತು. ಹಿತ್ತಲಲ್ಲಿ ಮಾತ್ರ ಅವಳು ಆಡಿದ್ದೇ ಆಟ.

2006ರ ಮಳೆಗಾಲದಲ್ಲಿ ಟೊಮೇಟೊದ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ನರಗಳಷ್ಟೇ ಹಸಿರು, ನಡುವೆಲ್ಲ ಅರಿಶಿನ ಬಳಿದ ಹಾಗೆ. ಸಗಣಿ ಗೊಬ್ಬರ ಹಾಕಿದಳು, ಬೂದಿ ಎರಚಿದಳು. ಹಳದಿ ಎಲೆಯಿಂದ ಎಲೆಗೆ ಮೇಲೆ ಹತ್ತುತ್ತಲೇ ಹೋಯಿತು.

ಅದೇ ವಾರ ಅವಳ ಹಸು ಮೇವು ಬಿಟ್ಟಿತು. ದನದ ಆಸ್ಪತ್ರೆಯ ಕಾಂಪೌಂಡರ್ ಪುಟ್ಟಮಾದ ಬಂದು ಹೊಟ್ಟೆ ಸಡಿಲವಾಗಲೆಂದು ಬೇದಿ ಉಪ್ಪು ಕಲಸಿ ಕುಡಿಸಿದ. ಕೈ ತೊಳೆಯಲು ಹಿತ್ತಲಿಗೆ ಬಂದವನು ಗಿಡದ ಮುಂದೆ ನಿಂತ.

"ಅವ್ವಾ, ಇದ್ಕ ಮೆಗ್ನೀಷಿಯಂ ಸಾಲ್ದು ಕಣವ್ವ. ಈಗ ಅಸೀಗ ಕುಡಿಸಿದ್ನಲ್ಲ, ಅದೇ ಉಪ್ಪ ಐದು ಲೀಟರ್ ನೀರ್ಗ ಎರಡು ಚಮಚ ಕಲ್ಸಿ ಸಂಜ ಒತ್ತು ಎಲ ಮೇಲ ಚಿಮುಕ್ಸಿ."

"ಬೇದಿ ಉಪ್ಪ? ಗಿಡಕ್ಕ?"

"ಎಸ್ರಲ್ಲಿ ಉಪ್ಪು ಅಂತದ ಅಷ್ಟೇ, ಅಡ್ಗ ಉಪ್ಪಲ್ಲ. ಅಳತ ಮಾತ್ರ ಮೀರ್ಬೇಡಿ."

ಅವಳು ಮೀರಿದಳು. ಹಸುವಿಗೆ ಕುಡಿಸಿ ಉಳಿದ ಉಪ್ಪನ್ನು ನಾಲ್ಕು ಮೆಣಸಿನ ಸಸಿಗಳ ಬುಡಕ್ಕೆ ಹಿಡಿಹಿಡಿ ಸುರಿದಳು. ಮೂರೇ ದಿನಕ್ಕೆ ಎಲೆಯಂಚೆಲ್ಲ ಸುಟ್ಟು ಸಸಿಗಳು ಒಣಗಿಹೋದವು. ಒಂದು ಗಳಿಗೆ ಅವುಗಳ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದು, ಎದ್ದು, ತಾಳವಾಡಿಯ ಬಸ್ಸು ಹತ್ತಿದಳು.

ಔಷಧಿ ಅಂಗಡಿಯವನು ಕೇಳಿದ, "ಒಂದು ಕೆಜಿ ಬೇದಿ ಉಪ್ಪ? ಯಾರ್ಗವ್ವ ಅಷ್ಟೊಂದು ಒಟ್ಟ ಕಟ್ಕಂಡಿರದು?"

"ನಮ್ ಟೊಮೇಟೊಗ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಶಿವಮಲ್ಲಮ್ಮ ಅವರ ನಗು ಮುಗಿಯುವ ತನಕ ನಿಂತಿದ್ದು, "ನಕ್ಕಾಯ್ತಾ? ಪೊಟ್ಟಣ ಕಟ್ಟಪ್ಪ" ಅಂದಳು.

ಈ ಸಲ ಚಮಚದಲ್ಲಿ ಅಳೆದು ಕಲಸಿದಳು. ಕ್ಷೌರದಂಗಡಿಯಲ್ಲಿ ತಲೆಗೆ ನೀರು ಚಿಮುಕಿಸುವಂಥ ಬಾಟಲಿಯೊಂದನ್ನು ತಂದು ಸಂಜೆ ಸಂಜೆ ಟೊಮೇಟೊ ಎಲೆಗೆ ಹೊಡೆದಳು. ಕೊನೆಯ ಎರಡು ಗಿಡಗಳಿಗೆ ಬೇಕೆಂದೇ ಹೊಡೆಯಲಿಲ್ಲ. ಹದಿನೈದು ದಿನದಲ್ಲಿ ಹಳದಿ ಹತ್ತುವುದು ನಿಂತು ಹೊಸ ಚಿಗುರು ಕಡುಹಸಿರಾಗಿ ಬಂತು. ಬಿಟ್ಟಿದ್ದ ಎರಡು ಮಾತ್ರ ಹಳದಿಯಾಗಿಯೇ ಇದ್ದವು.

ಆದರೆ ಅವಳು ಉಪ್ಪು ಕಲಸುವುದನ್ನು ಸಿದ್ದಮಲ್ಲಪ್ಪನ ಹೆಂಡತಿ ಚನ್ನಮಲ್ಲಮ್ಮ ನೋಡಿದ್ದಳು. ಅದೇ ಹೊತ್ತಿಗೆ ಅವರ ಪಾಲಿನ ಅವರೆ ಗಿಡಗಳು ಬಾಡತೊಡಗಿದ್ದವು. ಮಣ್ಣಿಗೆ ಉಪ್ಪು ಹಾಕುವುದೆಂದರೆ ಆ ಮನೆ ಹಾಳಾಗಲಿ ಎಂದು ಶಾಪ ಕೊಟ್ಟ ಹಾಗೆ. ಮಾತು ಬಾಯಿಂದ ಬಾಯಿಗೆ ಹೋಗಿ ಊರು ಸುತ್ತಿತು.

ಒಂದು ಬೆಳಗ್ಗೆ ಸಿದ್ದಮಲ್ಲಪ್ಪ ನಾಲ್ಕು ಜನ ಹಿರಿಯರನ್ನು ತನ್ನ ಜಗಲಿಯಲ್ಲಿ ಕೂರಿಸಿಕೊಂಡು ತಮ್ಮನನ್ನು ಕರೆಸಿದ.

"ಬಸವಣ್ಣ, ನಿನ್ ಎಡ್ತಿ ಉಪ್ಪು ಸುರ್ದು ನನ್ ಅವರೆ ಸಾಯಿಸವ್ಳ ಕಣ್ಲಾ. ಆ ಗಿಡ ಎಲ್ಲನೂ ಕಿತ್ತಾಕ್ಸು. ಸೋಮವಾರ ಮಾದಪ್ಪನ ಗುಡೀಲಿ ತಪ್ಪಾಯ್ತು ಅಂತ ಕಾಯಿ ಒಡೀಲಿ."

ಬಸವಣ್ಣ ಮನೆಗೆ ಬಂದು ಹೆಂಡತಿಯ ಹತ್ತಿರ ಸಣ್ಣ ದನಿಯಲ್ಲಿ ಹೇಳಿದ, "ಒಂದು ಕಾಯಿ ಒಡ್ದುಬುಟ್ರ ಮುಗ್ದೋಯ್ತದ ಕಣ. ನಮ್ಗೇನ್ ನಷ್ಟ?"

"ಮಾಡ್ದೆ ಇರೊ ತಪ್ಗ ಇವತ್ತು ಕಾಯಿ ಒಡದ್ರ, ನಾಳ ಊರಲ್ಲಿ ಯಾರ್ ಬೆಳ ಒಣಗಿದ್ರೂ ನನ್ ಬಾಗ್ಲಿಗೇ ಬತ್ತಾರ. ನಾ ಒಡಿಯಲ್ಲ. ಗಿಡನೂ ಕೀಳಲ್ಲ."

ಹೇಳಿದವಳು ಸೀದಾ ಜಗಲಿಗೆ ನಡೆದಳು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಾವಾ, ಏಳಿ. ಇತ್ಲಿಗ ಬನ್ನಿ. ಎಲ್ರೂ ಬನ್ನಿ."

ಅವಳ ದನಿಯನ್ನು ಅಷ್ಟು ಹತ್ತಿರದಿಂದ ಸಿದ್ದಮಲ್ಲಪ್ಪ ಕೇಳಿಯೇ ಇರಲಿಲ್ಲ. ಹಿರಿಯರು ಎದ್ದರು, ಅವನೂ ಏಳಬೇಕಾಯಿತು.

ಹಿತ್ತಲಲ್ಲಿ ಗಡಿಕಲ್ಲಿಗೆ ತಾಗಿದ ಅವರೆ ಗಿಡಗಳೆಲ್ಲ ಹಸಿರಾಗಿದ್ದವು. ಬಾಡಿದ್ದು ಆ ಕಡೆ ತುದಿಯವು, ಬಚ್ಚಲು ನೀರು ನಿಲ್ಲುವ ಜಾಗದವು.

"ನನ್ ಉಪ್ಪು ಈ ಪಕ್ಕದ ಗಿಡನೆಲ್ಲ ಬುಟ್ಟು ಅಲ್ಲಿಗಂಟ ಆರ್ಕಂಡೋಯ್ತಾ ಬಾವಾ?" ಎನ್ನುತ್ತಾ ಹೋಗಿ ಬಾಡಿದ ಗಿಡವೊಂದನ್ನು ಎಳೆದಳು. ಸಲೀಸಾಗಿ ಕಿತ್ತುಬಂತು. ಬೇರು ಕಂದಾಗಿ ಕೊಳೆತು ನಾರುತ್ತಿತ್ತು. ಆಮೇಲೆ ತನ್ನ ಒಣಗಿದ ಮೆಣಸಿನ ಸಸಿಗಳನ್ನು ತೋರಿಸಿದಳು. "ಇವ ನಾಕ್ನೂ ಕೊಂದವ್ಳು ನಾನೇ. ಅಳತ ತಪ್ಪಿ ಸುರ್ದೆ. ಉಪ್ಪು ಎಚ್ಚಾದ್ರ ಇಂಗ ಅಂಚು ಸುಡ್ತದ. ನಿಮ್ದು ಬೇರು ಕೊಳ್ತಿರದು. ಮುಟ್ಟಿ ನೋಡಿ."

ಸಿದ್ದಮಲ್ಲಪ್ಪ ಮುಟ್ಟಲಿಲ್ಲ. ಹಿರಿಯರಲ್ಲಿ ಒಬ್ಬ ಬಗ್ಗಿ ಬೇರು ಹಿಸುಕಿ ನೋಡಿ, ಪಂಚೆಗೆ ಕೈ ಒರೆಸಿಕೊಂಡ.

"ಎಂಗಸು ನನ್ಗ ಬೇಸಾಯ ಏಳ್ಕೊಡಕ ಬಂದವ್ಳ?" ಎಂದು ಸಿದ್ದಮಲ್ಲಪ್ಪ ಗುಡುಗಿದ.

"ಬೇಸಾಯ ಏಳ್ತಿಲ್ಲ ಬಾವಾ. ನನ್ ಮ್ಯಾಲ ಒರ್ಸಿರೊ ಮಾತ ವಾಪಸ್ ತಕ್ಕಳಿ."

ಅವನು ತೆಗೆದುಕೊಳ್ಳಲಿಲ್ಲ. ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಹಿರಿಯರೂ ಒಬ್ಬೊಬ್ಬರಾಗಿ ಹೋದರು. ತೀರ್ಪು ಅಂತ ಯಾರೂ ಏನೂ ಹೇಳಲಿಲ್ಲ. ಆದರೆ ಗಿಡ ಕೀಳು ಎಂದು ಆಮೇಲೆ ಯಾರೂ ಕೇಳಲಿಲ್ಲ.

ಸೋಮವಾರಕ್ಕೆಂದು ಬಸವಣ್ಣ ತಂದಿಟ್ಟ ತೆಂಗಿನಕಾಯಿಯನ್ನು ಶಿವಮಲ್ಲಮ್ಮ ಭಾನುವಾರವೇ ಒಡೆದು ಚಟ್ನಿ ಅರೆದಳು. ಅವನು ಎರಡು ರೊಟ್ಟಿ ಜಾಸ್ತಿಯೇ ತಿಂದ.

ವಾರ ಕಳೆದ ಮೇಲೆ ಕೆಳಗೇರಿಯ ಇಬ್ಬರು ಹೆಂಗಸರು ತಮ್ಮ ಗಿಡಗಳ ಹಳದಿ ಎಲೆ ಕಿತ್ತುಕೊಂಡು ಬಂದು ಉಪ್ಪು ಕೇಳಿದರು. ಅವಳು ಎಲೆ ತಿರುಗಿಸಿ ನೋಡಿದಳು. "ನಿಂದ್ಕ ಕೊಡ್ತೀನಿ" ಅಂದಳು ಒಬ್ಬಳಿಗೆ. ಇನ್ನೊಬ್ಬಳಿಗೆ, "ನಿಂದು ಉಳ ಬಿದ್ದಿರದು ಕಣವ್ವ, ಇದ್ಕ ಇದು ಆಗಲ್ಲ. ಎಲ್ಲಕ್ಕೂ ಇದೇ ಮದ್ದು ಅನ್ಕಬೇಡಿ. ನನ್ ಗುಲಾಬಿಗೂ ಒಡ್ದೆ, ಏನೂ ಆಗ್ನಿಲ್ಲ."

ಆ ತಿಂಗಳ ಕೊನೆಗೆ ಸಿದ್ದಮಲ್ಲಪ್ಪ ಆಳು ಕರೆಸಿ ಗಡಿಯುದ್ದಕ್ಕೂ ಎದೆಮಟ್ಟ ಬಿದಿರು ಬೇಲಿ ಕಟ್ಟಿಸಿದ. ಬಸವಣ್ಣನ ಮುಖ ಸಪ್ಪಗಾಯಿತು.

"ಅಣ್ತಮ್ಮಂದ್ರು ನಡ್ವ ಬೇಲಿ ಬಂದ್ಬುಡ್ತಲ್ಲ" ಅಂದ.

ಶಿವಮಲ್ಲಮ್ಮ ಬಿದಿರನ್ನು ಅಲ್ಲಾಡಿಸಿ ನೋಡಿದಳು. ಗಟ್ಟಿಯಾಗಿತ್ತು.

"ಕಟ್ಲಿ ಬುಡಿ" ಎನ್ನುತ್ತಾ ಕುಕ್ಕರಿಸಿ ಅದರ ಬುಡದಲ್ಲಿ ಗುಂಡಿ ತೋಡತೊಡಗಿದಳು. "ಈರೆ ಬಳ್ಳಿ ಅಬ್ಸಕ ನನ್ಗೊಂದು ಆಸ್ರ ಬೇಕಾಗಿತ್ತು."