ಗರದ್ ನೀರು

ಕಾಯೆತಾನ್ ಕೆಟ್ಟ ಮನುಷ್ಯನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನಾಲಿಗೆ ಏಳಲಿಕ್ಕಿಲ್ಲ. ಉಡುಪಿ ಕಡೆಯವನು. ಸೌದಿಯ ಅಲ್ ಖರ್ಜ್ ಊರಾಚೆಯ ಒಂದು ಹೈನು ಫಾರ್ಮಿನ ಲ್ಯಾಬಿನಲ್ಲಿ ಹಾಲು ಪರೀಕ್ಷಿಸುವ ಕೆಲಸ ಮಾಡುತ್ತ ಹತ್ತು ವರ್ಷ ಕಳೆದಿದ್ದ. ಅವನ ಅಕ್ಷರ ಮುತ್ತಿನಂತಿತ್ತು, ಅದರ ಮೇಲೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

2014ರ ಚಳಿಗಾಲದಲ್ಲಿ ಧೂಳುಗಾಳಿಗೆ ಅವನ ಗಂಟಲು ಕಟ್ಟಿತು. ಮಾತ್ರೆ ನುಂಗಿ ನುಂಗಿ ಸಾಕಾಗಿ ಕೂತಿದ್ದಾಗ ಹಾಲು ಕರೆಯುವ ಉಸ್ಮಾನ್ ಲ್ಯಾಬಿನ ಬಾಗಿಲಿಗೆ ಬಂದ. ಸುಡಾನಿನವನು, ಐವತ್ತು ದಾಟಿದವನು. ಫಾರ್ಮಿನಲ್ಲಿ ಕೆಲವರು ಕಾಯೆತಾನನ ಹೆಸರನ್ನು 'ಶೈತಾನ್' ಮಾಡಿ ನಗುತ್ತಿದ್ದರು. ಉಸ್ಮಾನ್ ಮಾತ್ರ ಬಿಳಿ ಕೋಟು ನೋಡಿ 'ದುಕ್ತೂರ್' ಎಂದೇ ಕರೆಯುತ್ತಿದ್ದ. ಅವನ ಕೈಯಲ್ಲಿದ್ದ ಬಟ್ಟೆಯ ಚೀಲದಲ್ಲಿ ಮಣಿ ಪೋಣಿಸಿದಂಥ ಒಣಕಾಯಿಗಳಿದ್ದವು.

"ಗರದ್. ಕುಟ್ಟಿ ನೀರಲ್ಲಿ ನೆನೆಸು, ಬಾಯಿ ಮುಕ್ಕಳಿಸು. ನಮ್ಮಲ್ಲಿ ಗಾಯಕ್ಕೂ ಇದೇ, ಗಂಟಲಿಗೂ ಇದೇ," ಎಂದ.

ನಮ್ಮ ಬಯಲುಸೀಮೆಯ ಕರಿಜಾಲಿ ಇದೆಯಲ್ಲ, ಅದರದೇ ಕಾಯಿ. ವಿಪರೀತ ಒಗರು. ಮೂರು ದಿನ ಮುಕ್ಕಳಿಸಿದ್ದಕ್ಕೆ ಗಂಟಲು ಬಿಟ್ಟಿತು. ಕಾಯೆತಾನನಿಗೆ ಕುತೂಹಲ ಹುಟ್ಟಿತು. ಸಣ್ಣ ಕಾಗದದ ಬಿಲ್ಲೆಯೊಂದನ್ನು ಗರದ್ ನೀರಲ್ಲಿ ಅದ್ದಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲಿಟ್ಟ. ಮರುದಿನ ನೋಡಿದರೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಹಬ್ಬಿತ್ತು, ಬಿಲ್ಲೆಯ ಸುತ್ತ ಮಾತ್ರ ಉಗುರಗಲ ಜಾಗ ಖಾಲಿ. ಹಾಲಿನ ಟ್ಯಾಂಕರುಗಳ ಲೆಕ್ಕ ಬರೆಯುವ ಉಪ್ಪಿನಂಗಡಿಯ ಮೊಹಮ್ಮದ್ ಇಸ್ಮಾಯಿಲನನ್ನು ಕರೆದು ತೋರಿಸಿದ.

"ಎಂತ ಮಾರಾಯ್ರೆ ಇದು! ಮೆಡಿಕಲ್ ಶಾಪ್‌ನವರು ಬಾಗಿಲು ಹಾಕ್ಬೇಕಷ್ಟೆ," ಎಂದು ಇಸ್ಮಾಯಿಲ್ ನಕ್ಕ.

ಹೊರಗಿನ ವಸ್ತುವನ್ನು ಲ್ಯಾಬಿನಲ್ಲಿ ಪರೀಕ್ಷಿಸಬಾರದೆಂಬ ಕಟ್ಟುನಿಟ್ಟಿತ್ತು. ಕಾಯೆತಾನ್ ತಟ್ಟೆಯನ್ನು ಎಸೆದು ಕೈ ತೊಳೆದುಕೊಂಡ.

ತಿಂಗಳು ಕಳೆದಿತ್ತು. ಉಸ್ಮಾನನ ಸಾಲಿನ ಹಸುಗಳ ಹಾಲು ಪರೀಕ್ಷೆಗೆ ಬಂತು. ಪರೀಕ್ಷೆ ಸರಳ: ಬ್ಯಾಕ್ಟೀರಿಯಾ ಇರುವ ನೇರಳೆ ಬಣ್ಣದ ಕೊಳವೆಗೆ ಹಾಲು ಹಾಕಿ ಮೂರು ಗಂಟೆ ಬಿಸಿಯಲ್ಲಿಡುವುದು. ಹಾಲು ಶುದ್ಧವಿದ್ದರೆ ಬ್ಯಾಕ್ಟೀರಿಯಾ ಬೆಳೆದು ಬಣ್ಣ ಹಳದಿಯಾಗುತ್ತದೆ. ಬೆಳೆಯಲು ಬಿಡದಂಥದ್ದು ಏನಾದರೂ ಸೇರಿದ್ದರೆ ನೇರಳೆಯಾಗಿಯೇ ಉಳಿಯುತ್ತದೆ. ಅಂದು ನೇರಳೆಯಾಗಿಯೇ ಉಳಿಯಿತು.

ಅಂಥ ಹಾಲಿಗೆ 'ಬೆಳವಣಿಗೆ ತಡೆಯುವ ವಸ್ತು ಇದೆ' ಎಂದಷ್ಟೇ ಬರೆಯಬೇಕು. ಆ ವಸ್ತು ಯಾವುದೆಂದು ಕೊಳವೆ ಹೇಳುವುದಿಲ್ಲ. ಆದರೆ ಅಷ್ಟುದ್ದ ಬರೆಯುವವರು ಯಾರು? ಹತ್ತು ವರ್ಷದಿಂದ ಬರೆಯುತ್ತಿದ್ದಂತೆ ಕಾಯೆತಾನ್ ತನ್ನ ಮುತ್ತಿನ ಅಕ್ಷರದಲ್ಲಿ 'ಆಂಟಿಬಯಾಟಿಕ್' ಎಂದು ಒಂದೇ ಪದ ಬರೆದು ಸಹಿ ಹಾಕಿದ.

ಆ ಒಂದು ಪದಕ್ಕೆ ಇಡೀ ಟ್ಯಾಂಕರಿನ ಹಾಲು ಮರಳಿಗೆ ಹೋಯಿತು. ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟ ಹಸುಗಳ ಕಾಲಿಗೆ ಕೆಂಪು ಪಟ್ಟಿ ಕಟ್ಟುತ್ತಾರೆ, ಅವುಗಳ ಹಾಲನ್ನು ಬೇರೆ ಹಾಲಿಗೆ ಸೇರಿಸುವಂತಿಲ್ಲ. ಉಸ್ಮಾನ್ ಅದನ್ನೇ ಸೇರಿಸಿದ್ದಾನೆ ಎಂದು ಮುದೀರ್, ಅಂದರೆ ಮ್ಯಾನೇಜರ್, ತೀರ್ಮಾನಿಸಿದ. ಉಸ್ಮಾನ್ ವಲ್ಲಾಹಿ, ವಲ್ಲಾಹಿ ಎಂದು ಆಣೆ ಹಾಕಿದ. ರಿಪೋರ್ಟಿನ ಮುಂದೆ ಆಣೆ ನಡೆಯಲಿಲ್ಲ. ಅವನನ್ನು ಕೆಲಸದಿಂದ ತೆಗೆದು, ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಊರಿಗೇ ಕಳಿಸುವುದೆಂದು ಆಯಿತು.

ಶನಿವಾರ ಊಟಕ್ಕೆ ಕೂತಾಗ ಇಸ್ಮಾಯಿಲ್ ಅನ್ನ ಕಲಸುತ್ತ ಹೇಳಿದ: "ಪಾಪ ಮಾರಾಯ್ರೆ ಅವ. ಕೆಚ್ಚಲಿಗೆ ಹಚ್ಚುವ ಅಯೋಡಿನ್ ಮುಗಿದು ಎರಡು ವಾರ ಆಯ್ತು, ಯಾರೂ ತರಿಸ್ಲಿಲ್ಲ. ಮೊಲೆ ಒಡೆದು ದನಗಳು ಒದೀತಾ ಇದ್ವು. ಇವ ಪಾಪ ನಿಮ್ಗೆ ಕೊಟ್ಟನಲ್ಲ, ಅದೇ ಕಾಯಿಯ ನೀರು ಹಚ್ಚಿ ಹಚ್ಚಿ ಗುಣ ಮಾಡ್ದ. ಅವನಿಗೇ ಈಗ ಹೀಗೆ."

ಹಚ್ಚಿದ ಆ ನೀರು ಹಾಲಿಗೂ ಇಳಿದಿರಬೇಕಲ್ಲ ಎಂದು ಹೊಳೆದು ಕಾಯೆತಾನ್ ಊಟ ಬಿಟ್ಟು ಎದ್ದ.

ಲ್ಯಾಬಿಗೆ ಹೋಗಿ, ಶುದ್ಧವೆಂದು ಗೊತ್ತಿದ್ದ ಹಾಲನ್ನು ಎರಡು ಕೊಳವೆಗೆ ಹಾಕಿದ. ಒಂದಕ್ಕೆ ಮಾತ್ರ ಗರದ್ ನೀರು ಬೆರೆಸಿದ. ಮೂರು ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ. ಒಂದು ಕೊಳವೆ ಹಳದಿಯಾಯಿತು. ಇನ್ನೊಂದು ಇದ್ದ ಹಾಗೇ ನೇರಳೆ. ಅವನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ತಟ್ಟೆಯ ಮೇಲಿನ ಆ ಖಾಲಿ ಜಾಗವನ್ನು ಕಣ್ಣಾರೆ ಕಂಡವನು ಅವನೇ.

ಸಂಜೆ ಹೆಂಡತಿ ಬರ್ನಾಡೆಟ್‌ಗೆ ಫೋನ್ ಮಾಡಿದ. ಅವಳು ಮಾತಾಡಿದ್ದೆಲ್ಲ ವೀಸಾದ್ದೇ. ಆರು ವರ್ಷ ಕಾದ ಮೇಲೆ ಅವಳ ಫ್ಯಾಮಿಲಿ ವೀಸಾದ ಕಾಗದ ಮುದೀರನ ಮೇಜಿಗೆ ಬಂದಿತ್ತು, ಸಹಿಯೊಂದು ಬಾಕಿ. "ನಾನು ಸೂಟ್‌ಕೇಸ್ ತೆಗೆದಿಟ್ಟಾಯ್ತು. ನೀವು ಅಲ್ಲಿ ಯಾರತ್ರವೂ ಜಗಳ ಮಾಡ್ಕೊಳ್ಬೇಡಿ, ಆಯ್ತಾ?" ಎಂದಳು. ಕಾಯೆತಾನ್ ಉಸ್ಮಾನನ ಹೆಸರೆತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಎರಡೂ ಕೊಳವೆಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮುದೀರನ ಕೋಣೆಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ: ತಪ್ಪು ನನ್ನದು, ನಾನು ಬರೆದ ಪದ ತಪ್ಪು, ಆ ಮನುಷ್ಯ ನಿರಪರಾಧಿ. ಮುದೀರ್ ತಲೆಯೆತ್ತದೆ, "ಹಾಂ, ನಿನ್ನ ಹೆಂಡತಿಯ ಕಾಗದ ತಾನೆ? ಇವತ್ತು ಸಂಜೆಯೊಳಗೆ ಸಹಿ ಮಾಡುತ್ತೇನೆ. ಬೇರೆ ಏನಾದರೂ ಇದೆಯಾ?" ಎಂದು ಕೇಳಿದ.

ಕಾಯೆತಾನನ ಕೈ ಜೇಬಿನೊಳಗೆ ಕೊಳವೆಗಳನ್ನು ಹಿಡಿದಿತ್ತು.

"ಇಲ್ಲ ಸರ್," ಎಂದ.

ಸಂಜೆ ಸಹಿಯಾಗಲಿ, ನಾಳೆ ಹೇಳುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಬಸ್ಸು ಮಧ್ಯಾಹ್ನಕ್ಕೇ ಹೊರಡುತ್ತದೆಂಬುದು ಮನಸ್ಸಿಗೂ ಗೊತ್ತಿತ್ತು.

ಊಟದ ಹೊತ್ತಿಗೆ ಉಸ್ಮಾನ್ ತಾನಾಗಿಯೇ ಲ್ಯಾಬಿನ ಬಾಗಿಲಿಗೆ ಬಂದ. ಒಗೆದ ಬಿಳಿ ಜಲಾಬಿಯಾ ನಿಲುವಂಗಿ ತೊಟ್ಟಿದ್ದ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಅದೇ ಬಟ್ಟೆಯ ಚೀಲ. ಬೈಯಲು ಬಂದಿದ್ದಾನೆ ಎಂದು ಕಾಯೆತಾನನಿಗೆ ಅನ್ನಿಸಿತು. ಬೈಯಲಿ ಎಂದು ಆಸೆಯೂ ಆಯಿತು. ಬೈದರೆ ಎಲ್ಲವನ್ನೂ ಹೇಳಿಬಿಡಬಹುದಿತ್ತು.

ಉಸ್ಮಾನ್ ಚೀಲವನ್ನು ಮೇಜಿನ ಮೇಲಿಟ್ಟ. "ಇದು ನಿನಗಿರಲಿ. ನಾನು ಹೋಗುವಲ್ಲಿ ಇದು ಮರದಲ್ಲೇ ಇದೆ."

ಆಮೇಲೆ ದನಿ ತಗ್ಗಿಸಿದ. "ದುಕ್ತೂರ್, ಮೂರು ರಾತ್ರಿ ಯೋಚಿಸಿದೆ. ನನಗೆ ಕಣ್ಣು ಮೊದಲಿನ ಹಾಗೆ ಕಾಣುವುದಿಲ್ಲ. ಕೆಂಪು ಪಟ್ಟಿಯ ಹಸುವನ್ನು ನಾನೇ ನೋಡದೆ ಕರೆದಿರಬೇಕು. ನೀನು ಓದಿದವನು, ನಿನ್ನ ಪರೀಕ್ಷೆ ಸುಳ್ಳು ಹೇಳುವುದಿಲ್ಲ. ನಾನು ಮಾತ್ರ ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಮನಸ್ಸಲ್ಲೇ ಬೈದುಬಿಟ್ಟೆ. ಅದನ್ನು ಹೊತ್ತುಕೊಂಡು ಊರಿಗೆ ಹೋಗಲಾರೆ. ಕ್ಷಮಿಸು."

ಹೊರಗೆ ಬಸ್ಸಿನವನು ಹಾರ್ನ್ ಹೊಡೆದು "ಯಲ್ಲಾ, ಯಲ್ಲಾ" ಎಂದು ಕೂಗಿದ. ಉಸ್ಮಾನ್ ಕದಲಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದ. ಕಾಯೆತಾನ್ ಬಾಯಿ ತೆರೆದ. ಕೊಲ್ಲಿಗೆ ಬಂದ ನಮ್ಮವರೆಲ್ಲ ಮೊದಲ ವಾರವೇ ಕಲಿಯುವ ಎರಡು ಪದಗಳಿವೆ. ಚಹಾ ಚೆಲ್ಲಿದರೂ ಅದೇ, ಸಂಬಳ ತಡವಾದರೂ ಅದೇ. ಹತ್ತು ವರ್ಷದ ಅಭ್ಯಾಸದಲ್ಲಿ ಅವು ತಾವಾಗಿ ಹೊರಬಿದ್ದವು.

"ಮಾಫಿ ಮುಶ್ಕಿಲ್," ಎಂದ. ತೊಂದರೆಯಿಲ್ಲ, ಪರವಾಗಿಲ್ಲ.

ಉಸ್ಮಾನನ ಮುಖ ಹಗುರಾಯಿತು. ಎರಡೂ ಕೈಗಳಿಂದ ಕಾಯೆತಾನನ ಕೈ ಹಿಡಿದು, ಎದೆಗೆ ಮುಟ್ಟಿಸಿಕೊಂಡು, ಸೂಟ್‌ಕೇಸು ಎತ್ತಿಕೊಂಡು ಹೋದ. ಬಸ್ಸು ಗೇಟು ದಾಟಿತು.

ಸಂಜೆ ಕಾಗದಕ್ಕೆ ಸಹಿಯಾಯಿತು. ಬರ್ನಾಡೆಟ್ ಫೋನಿನಲ್ಲಿ ಸಂತೋಷಕ್ಕೆ ಅತ್ತಳು. ಕಾಯೆತಾನನ ಗಂಟಲು ಮತ್ತೆ ಕಟ್ಟಿತ್ತು. ಮೇಜಿನ ಮೇಲೆ ಗರದ್ ಚೀಲವಿತ್ತು, ಅದನ್ನು ಬಿಚ್ಚಲು ಅವನ ಕೈ ಹೋಗಲಿಲ್ಲ. ಉಸ್ಮಾನನನ್ನು ಅವನು ಕ್ಷಮಿಸಿ ಕಳಿಸಿದ್ದ.