ಬದಚಾಲಿ

ಕಮಲಾಪುರದ ಬಾಳೆತೋಟದಲ್ಲಿ ಕೂಲಿ ಮಾಡುತ್ತಿದ್ದ ಬಂಡೆಮ್ಮನನ್ನು ತೋಟದ ಧಣಿ ಅಣವೀರಪ್ಪ ಒಂದು ಮಧ್ಯಾಹ್ನ ಗೊನೆ ಕೂಡಿಡುವ ಗುಡಿಸಲಿಗೆ ಎಳೆದುಕೊಂಡ. ಅವಳು ಅವನ ಕೈ ಕಚ್ಚಿ, ಹರಿದ ಕುಪ್ಪಸದಲ್ಲೇ ಮನೆಗೆ ಓಡಿ ಬಂದಳು. ಗಂಡ ದೌಲಪ್ಪ ಬೈಯಲಿಲ್ಲ. "ಫಿರ್ಯಾದಿ ಕೊಡೂನು" ಎಂದ. ಆ ಊರಲ್ಲಿ ಧಣಿಯ ಮೇಲೆ ಫಿರ್ಯಾದಿ ಕೊಟ್ಟವರು ಅಲ್ಲಿಯತನಕ ಯಾರೂ ಇರಲಿಲ್ಲ.

ಹೈದರಾಬಾದ್ ಸರ್ಕಾರದ ಕಾಲ; ಕಲಬುರಗಿಯ ಕಚೇರಿಯಲ್ಲಿ ಮಾತೆಲ್ಲ ಉರ್ದುವಿನಲ್ಲಿ. ಅಧಿಕಾರಿಗೆ ಕನ್ನಡ ಬಾರದು, ಬಂಡೆಮ್ಮನಿಗೆ ಉರ್ದು ಬಾರದು. ಹೈದರಾಬಾದಿನಿಂದ ಹೊಸದಾಗಿ ಬಂದ ಮುನ್ಷಿಯೊಬ್ಬ ನಡುವೆ ನಿಂತು ಅವಳ ಮಾತನ್ನು ಉರ್ದುವಿಗೆ ತಿರುಗಿಸುತ್ತಿದ್ದ.

"ಏನ್ ಮಾಡ್ದ, ಹೇಳು," ಮುನ್ಷಿ ಕೇಳಿದ.

ಅಷ್ಟು ಗಂಡಸರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಇಂಥದ್ದಕ್ಕೆಲ್ಲ ಊರ ಹೆಂಗಸರು ಬಳಸುವ ಮಾತೊಂದಿತ್ತು. ಗಂಡಸು ದಾರಿಗೆ ಅಡ್ಡ ನಿಂತರೂ ಅದೇ ಮಾತು, ಸೆರಗಿಗೆ ಕೈ ಹಾಕಿದರೂ ಅದೇ.

"ನನ್ನ ಜೋಡಿ ಬದಚಾಲಿ ಮಾಡ್ಯಾನ್ರೀ."

ಮುನ್ಷಿ ಅದನ್ನು ಉರ್ದುವಿನಲ್ಲಿ ಹೇಳಿದ. ಉರ್ದುವಿನಲ್ಲಿ ಆ ಮಾತಿಗೆ ನಡತೆಗೆಡುವುದು ಎಂಬ ಅರ್ಥ; ಅವನ ಬಾಯಲ್ಲಿ ಅದು, ಈ ಹೆಂಗಸಿಗೂ ಧಣಿಗೂ ಕೆಟ್ಟ ಸಂಬಂಧವಿತ್ತು ಎಂದಾಯಿತು. ಪಕ್ಕದಲ್ಲಿ ನಿಂತಿದ್ದ ಅಣವೀರಪ್ಪ ತಲೆ ತಗ್ಗಿಸಿ ನಕ್ಕ. ಅಧಿಕಾರಿ ಅವಳನ್ನು ಮೇಲಿಂದ ಕೆಳಗೆ ನೋಡಿ ಫಿರ್ಯಾದಿ ವಜಾ ಮಾಡಿದ.

ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ದೌಲಪ್ಪನಿಗೆ ಉರ್ದು ಬರುತ್ತಿತ್ತು. ಧಣಿಯ ಬಾಳೆಗೊನೆಗಳನ್ನು ಸ್ಟೇಶನ್ ಬಜಾರಿಗೆ ತಂದು ಮಾರುತ್ತ ಕಲಿತದ್ದು. ಹೊರಗೆ ಬಂದ ಮೇಲೆ ಹೆಂಡತಿಗೆ ಹೇಳಿದ:

"ಮುನ್ಷಿ ತಪ್ಪು ಹೇಳ್ದ. ನೀನೂ ಒಪ್ಪಿದ್ದಿ ಅಂತ ಆತು."

"ನಿಮಗ ತಿಳೀತಿತ್ತಲ್ರೀ. ಅಲ್ಲೇ ಯಾಕ ಹೇಳ್ಲಿಲ್ಲ?"

"ದೊಡ್ಡವರ ಮುಂದ ನಾ ಹ್ಯಾಂಗ ಬಾಯಿ ತೆಗೀಲಿ? ನನ್ನೂ ಒಳಗ ಹಾಕ್ತಿದ್ರು."



ಸುದ್ದಿ ಅವರಿಗಿಂತ ಮೊದಲೇ ಊರು ಮುಟ್ಟಿತ್ತು. ಅತ್ತೆ ಸೂಗಮ್ಮ ಸೊಸೆಯ ಊಟದ ಗಂಗಾಳವನ್ನು ಹೊರಗಿಟ್ಟಳು. ಬಾವಿಯ ಹತ್ತಿರ ಹೆಂಗಸರು ಅವಳಿಗೆ ದಾರಿ ಬಿಟ್ಟು ದೂರ ಸರಿದರು. ಕೆಲವು ದಿನ ಸಹಿಸಿದ ಬಂಡೆಮ್ಮ ಒಂದು ಮುಂಜಾನೆ, ಅಣವೀರಪ್ಪ ಹಿರಿಯರ ಜೋಡಿ ಕೂತಿದ್ದ ಕಟ್ಟೆಯ ಮುಂದೆ ಹೋಗಿ ನಿಂತಳು. ಅವನು ಎಲ್ಲಿ ಕೈ ಹಾಕಿದ, ಏನು ಹರಿದ, ಕಿವಿಯಲ್ಲಿ ಏನಂದ, ಒಂದನ್ನೂ ಬಿಡದೆ ಹೇಳಿದಳು. ಕಚೇರಿಯಲ್ಲಿ ಬಾರದ ಮಾತುಗಳೆಲ್ಲ ಈಗ ಬಂದವು. ಹೆಂಗಸರು ಸೆರಗು ಮುಖಕ್ಕೆಳೆದರು. ಸೂಗಮ್ಮ ಓಡಿ ಬಂದು ಸೊಸೆಯ ಬಾಯಿ ಮುಚ್ಚಿದಳು.

"ಹೆಣ್ಣಾಗಿ ಹುಟ್ಟಿ ಇಂಥಾ ಮಾತ ಆಡ್ತೀಯಲ್ಲ! ಬದಚಾಲಿ ಅಂದ್ರ ಇದು!"

ಹಿರಿಯರು ಹೌದೆಂದು ತಲೆಯಾಡಿಸಿದರು. ದೌಲಪ್ಪ ಗುಂಪಿನ ಹಿಂದೆ ನಿಂತಿದ್ದ. ಅಣವೀರಪ್ಪ ಎದ್ದು ಧೋತರ ಕೊಡವಿಕೊಂಡು ತೋಟದ ಕಡೆ ಹೋದ.

ಮರುದಿನ ಬಂಡೆಮ್ಮ ಕಲಬುರಗಿಗೆ ಹೋದಳು. ಕಾಳಿನ ಪೇಟೆ ಗಂಜ್‌ನ ಅಡತಿ ಅಂಗಡಿಯೊಂದರಲ್ಲಿ ತೊಗರಿ ಹಸನು ಮಾಡುವ ಕೆಲಸ ಸಿಕ್ಕಿತು. ಸುಗ್ಗಿ ಮುಗಿದ ಮೇಲೆ ದೌಲಪ್ಪ ಹುಡುಕಿಕೊಂಡು ಬಂದ.

"ನಡಿ ಮನಿಗಿ. ಅವ್ವ ಏನೂ ಅನ್ನಂಗಿಲ್ಲ."

"ಹೊಟ್ಟಿಗಿ ಏನ್ ಮಾಡ್ತೀರಿ?"

ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಅಣವೀರಪ್ಪನ ತ್ವಾಟಕ್ಕೇ ಹೋಗಾಕತ್ತೀನಿ. ನಿನ್ನೂ ಕರಕೊಂಡ ಬಾ ಅಂದಾನ."

ಬಂಡೆಮ್ಮ ಅವನಿಗೆ ಕುಡಿಯಲು ನೀರು ಕೊಟ್ಟು, ಮೊರ ಎತ್ತಿಕೊಂಡು ತೊಗರಿ ಕೇರತೊಡಗಿದಳು. ಅವನು ಹೋದದ್ದನ್ನು ತಿರುಗಿ ನೋಡಲಿಲ್ಲ.